ಎರಡೂ ಬೇಕು ಅನ್ನೋ ಹಟ

ಎಲೆಕ್ಟ್ರಿಕ್ ರೈಸ್ ಕುಕ್ಕರಿಗೆ ಅನ್ನ ಆಯ್ತು ಅಂತ ಗೊತ್ತಾಗೋದು ಹೇಗೆ?

ನನ್ನ ಜೊತೆ ಕೆಲಸ ಮಾಡುವ ಇಂಜಿನಿಯರುಗಳಿಗೆ ಈ ಪ್ರಶ್ನೆ ಕೇಳಿದಾಗ ಹೆಚ್ಚಿನವರು ‘ಒಳಗೆ ಟೈಮರ್ ಇರುತ್ತೆ’ ಅಂದರು. ಇನ್ನು ಕೆಲವರು ‘ಸೆನ್ಸರ್ ಇರಬೇಕು, ಚಿಪ್ ಇರಬೇಕು’ ಅಂದರು. ಪಿ.ಜಿ.ಯಲ್ಲಿ ಓನರ್ ಆಂಟಿಗೆ ಗೊತ್ತಾಗದ ಹಾಗೆ ಮಂಚದ ಕೆಳಗಿಟ್ಟು ಅನ್ನ ಮಾಡಿಕೊಳ್ತೀವಲ್ಲ, ಆ ಸಾದಾ ಕುಕ್ಕರಿನಲ್ಲಿ ಟೈಮರೂ ಇಲ್ಲ, ಚಿಪ್ಪೂ ಇಲ್ಲ. ತಳದಲ್ಲಿ ಒಂದು ಅಯಸ್ಕಾಂತ, ಅದು ಕಚ್ಚಿಕೊಂಡಿರುವ ಒಂದು ಫೆರೈಟ್ ಬಿಲ್ಲೆ, ಒಂದು ಸ್ಪ್ರಿಂಗು. ಅಷ್ಟೇ.

ಪಾತ್ರೆಯಲ್ಲಿ ನೀರು ಇರುವವರೆಗೂ ಎಷ್ಟೇ ಕಾಯಿಸಿದರೂ ಅದರ ತಳ ಹೆಚ್ಚುಕಮ್ಮಿ 100 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಂತಿರುತ್ತೆ. (ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರೋದರಿಂದ ನಮ್ಮಲ್ಲಿ ನೀರು 97ರ ಹತ್ತಿರವೇ ಕುದಿಯುತ್ತೆ, ಅದು ಬೇರೆ ಮಾತು.) ಅಕ್ಕಿ ನೀರನ್ನೆಲ್ಲ ಕುಡಿದು ಮುಗಿಸಿದ ಮೇಲೆ ತಳದ ಬಿಸಿಯನ್ನು ತಡೆಯೋರು ಯಾರೂ ಇರಲ್ಲ, ಸರ್ರನೆ ಏರುತ್ತೆ. 100 ದಾಟಿ ಮೂರ್ನಾಲ್ಕು ಡಿಗ್ರಿ ಹೋಗುವಷ್ಟರಲ್ಲಿ ಆ ಫೆರೈಟ್ ಬಿಲ್ಲೆ ಕಾಂತಗುಣ ಕಳಕೊಳ್ಳುತ್ತೆ. ಹಿಡಿತ ತಪ್ಪಿತು, ಸ್ಪ್ರಿಂಗ್ ದೂಡಿತು, ಟಕ್ ಅಂತ ಸ್ವಿಚ್ ಮೇಲೆದ್ದಿತು. ಅನ್ನ ಆಯ್ತು. ಅರ್ಧ ಪಾವು ಇಟ್ಟರೂ ಸೈ, ಒಂದು ಸೇರು ಇಟ್ಟರೂ ಸೈ.

ಇದಕ್ಕೂ ಹಿಂದಿನ ಮಾಡೆಲ್ ಇನ್ನೂ ಸೊಗಸು. 1955ರಲ್ಲಿ ಜಪಾನಿನ ತೋಶಿಬಾ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಆಟೊಮ್ಯಾಟಿಕ್ ರೈಸ್ ಕುಕ್ಕರನ್ನು ರೂಪಿಸಿದ್ದು ಯೋಶಿತಾದ ಮಿನಾಮಿ ಅನ್ನುವ ಸಣ್ಣ ಕಾರ್ಖಾನೆಯ ಮಾಲೀಕ. ಅಕ್ಕಿ ಎಷ್ಟಿದೆ, ನೀರು ಎಷ್ಟು ತಣ್ಣಗಿದೆ, ಹೊರಗೆ ಚಳಿ ಎಷ್ಟು, ಇವೆಲ್ಲ ದಿನಕ್ಕೊಂದು ಥರ ಇರುವಾಗ ಟೈಮರ್ ಕಟ್ಟಿಕೊಂಡು ಏನು ಮಾಡೋದು? ಅವರು ಪಾತ್ರೆಯ ಹೊರಗೆ ಇನ್ನೊಂದು ಪಾತ್ರೆ ಇಟ್ಟರು. ಹೊರಗಿನದರಲ್ಲಿ ಒಂದು ಲೋಟ ನೀರು. ಆ ನೀರು ಆವಿಯಾಗಿ ಮುಗಿಯೋಕೆ ಸುಮಾರು 20 ನಿಮಿಷ ಬೇಕು. ಮುಗಿದ ಕೂಡಲೇ ಬಿಸಿ ಏರಿ ಬೈಮೆಟಲ್ ಸ್ವಿಚ್ ಬಾಗಿ ಕರೆಂಟು ನಿಲ್ಲುತ್ತೆ. ಅಂದರೆ ನೀರೇ ಗಡಿಯಾರ! ದಿನಗಟ್ಟಲೆ ಒಲೆ ಮುಂದೆ ಕೂತು ಬಿಸಿಯ ಲೆಕ್ಕ ಬರೆದಿಟ್ಟವರು ಅವರ ಹೆಂಡತಿ ಫುಮಿಕೊ. ಈ ಹೆಸರನ್ನು ಬಿಟ್ಟು ಆ ಕುಕ್ಕರಿನ ಕತೆ ಹೇಳಬಾರದು ಅನ್ನೋದು ನನ್ನ ಪಾಲಿಸಿ.

ನಾನು ಸಾಫ್ಟ್‌ವೇರ್‌ನವನು, ಪಾತ್ರೆ-ಪಗಡೆಯವನಲ್ಲ. ಆದರೂ ಈ ಕುಕ್ಕರ್ ತಲೆಯಲ್ಲಿ ಕೂತಿರೋದಕ್ಕೆ ಕಾರಣ ಇದೆ. ‘ಅನ್ನ ಪೂರ್ತಿ ಬೇಯಬೇಕು, ಆದರೆ ಸೀಯಬಾರದು, ನೋಡಿಕೊಳ್ಳೋಕೆ ಯಾರೂ ಇರಬಾರದು’ ಅನ್ನೋ ಬೇಡಿಕೆ ನಮ್ಮ ಆಫೀಸಿಗೆ ಬಂದಿದ್ದರೆ ನಾವು ಏನು ಮಾಡ್ತಿದ್ದೆವು? ಮೀಟಿಂಗ್ ಕರೆದು ‘ಟ್ರೇಡ್-ಆಫ್’ ಅಂತ ಒಂದು ಸ್ಲೈಡ್ ಮಾಡ್ತಿದ್ದೆವು. ಸ್ವಲ್ಪ ಕಮ್ಮಿ ಬೆಂದರೂ ಪರವಾಗಿಲ್ಲ, ಸ್ವಲ್ಪ ಸೀದರೂ ಪರವಾಗಿಲ್ಲ, ಗ್ರಾಹಕರಿಗೆ ಹೇಳಿ ಒಪ್ಪಿಸೋಣ. ರಾಜಿ. ನಮ್ಮ ವೃತ್ತಿಯಲ್ಲಿ ಈ ಪದಕ್ಕೆ ಭಾರೀ ಮರ್ಯಾದೆ. ‘ಪ್ರತಿಯೊಂದಕ್ಕೂ ಟ್ರೇಡ್-ಆಫ್ ಇದ್ದೇ ಇರುತ್ತೆ’ ಅಂತ ಗಂಭೀರವಾಗಿ ಹೇಳಿಬಿಟ್ಟರೆ ಸೀನಿಯರ್ ಅನ್ನಿಸಿಕೊಳ್ಳಬಹುದು.

ಈ ರಾಜಿಯನ್ನೇ ಒಪ್ಪದೆ, ಅದನ್ನು ಒಂದು ಶಾಸ್ತ್ರದ ಥರ ಬೆಳೆಸಿದ ಮನುಷ್ಯನ ಬಗ್ಗೆ ಈಗ ಹೇಳಬೇಕು.

ಬಾಕುವಿನ ಪೇಟೆಂಟ್ ಗುಮಾಸ್ತ

ಹೆಸರು ಗೆನ್ರಿಖ್ ಆಲ್ಟ್‌ಶುಲ್ಲರ್. ಹುಟ್ಟಿದ್ದು 1926ರಲ್ಲಿ ತಾಷ್ಕೆಂಟ್‌ನಲ್ಲಿ, ಬೆಳೆದದ್ದು ಕ್ಯಾಸ್ಪಿಯನ್ ಸಮುದ್ರದ ದಡದ ಬಾಕು ನಗರದಲ್ಲಿ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಸೋವಿಯತ್ ನೌಕಾಪಡೆಯ ಅಲ್ಲಿನ ಆವಿಷ್ಕಾರಗಳ ವಿಭಾಗದಲ್ಲಿ ಕೆಲಸ. ಯಾರಾದರೂ ಹೊಸದೇನಾದರೂ ಕಂಡುಹಿಡಿದರೆ ಅರ್ಜಿ ತುಂಬಿಸೋದು, ಕಾಗದಪತ್ರ ಸರಿಮಾಡಿಸೋದು. ಬಂದವರು ಇವರನ್ನು ಕೇಳುತ್ತಿದ್ದದ್ದು ಮಾತ್ರ ಬೇರೆ: ‘ಇಲ್ಲಿ ಸಿಕ್ಕಿಹಾಕಿಕೊಂಡಿದೀನಿ, ಮುಂದೆ ಹೇಗೆ ಯೋಚಿಸಬೇಕು?’ ಅದಕ್ಕೊಂದು ಪುಸ್ತಕ ಇದ್ದೀತು ಅಂತ ಹುಡುಕಿದರೆ ಇಲ್ಲ. ಇದ್ದದ್ದೆಲ್ಲ ಮಹಾಪುರುಷರ ಕತೆಗಳೇ. ಸ್ನಾನದ ತೊಟ್ಟಿ, ಸೇಬಿನ ಮರ, ಕನಸು, ದೈವಸ್ಫೂರ್ತಿ.

ಇಪ್ಪತ್ತರ ಹುಡುಗ ಇನ್ನೊಂದು ದಾರಿ ಹಿಡಿದ. ಸಂಶೋಧಕರ ತಲೆಯೊಳಗೆ ಇಣುಕೋದು ಬೇಡ, ಅವರು ಬಿಟ್ಟುಹೋದ ಪೇಟೆಂಟುಗಳನ್ನು ಓದೋಣ. 1946ರಲ್ಲಿ ಶುರುವಾದ ಈ ಓದು ದಶಕಗಟ್ಟಲೆ ನಡೆಯಿತು, ಸಾವಿರಾರು ಪೇಟೆಂಟುಗಳು. ಓದುತ್ತಾ ಹೋದಂತೆ ಎರಡು ಸಂಗತಿ ಕಣ್ಣಿಗೆ ಬಿದ್ದವು. ಒಂದು, ಒಳ್ಳೆಯ ಆವಿಷ್ಕಾರ ಅನ್ನಿಸಿಕೊಂಡದ್ದರ ಹಿಂದೆಲ್ಲ ಒಂದು ಜಗಳ ಇರುತ್ತೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತೆ. ಗಟ್ಟಿ ಮಾಡಿದರೆ ಭಾರ ಆಗುತ್ತೆ, ಹಗುರ ಮಾಡಿದರೆ ಮುರಿಯುತ್ತೆ. ಸಾಧಾರಣ ಇಂಜಿನಿಯರು ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತಾನೆ. ಸಂಶೋಧಕ ಆ ಜಗಳವನ್ನೇ ಇಲ್ಲದಂತೆ ಮಾಡುತ್ತಾನೆ. ಎರಡು, ಜಗಳಗಳು ಲಕ್ಷ ಇದ್ದರೂ ಅವನ್ನು ಬಿಡಿಸುವ ಉಪಾಯಗಳು ಬೆರಳೆಣಿಕೆಯಷ್ಟು. ಗಡಿಯಾರದವನು ಬಳಸಿದ್ದನ್ನೇ ಹಡಗಿನವನೂ ಬಳಸಿದಾನೆ, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ. ಕೊನೆಗೆ ಆ ಪಟ್ಟಿ 40 ಸೂತ್ರಗಳಿಗೆ ಬಂದು ನಿಂತಿತು. ರಷ್ಯನ್ ಭಾಷೆಯಲ್ಲಿ ‘ಆವಿಷ್ಕಾರದ ಸಮಸ್ಯೆಗಳನ್ನು ಬಿಡಿಸುವ ಸಿದ್ಧಾಂತ’ ಅನ್ನುವ ಮಾತಿನ ಮೊದಲಕ್ಷರ ಸೇರಿಸಿದರೆ ‘ಟ್ರಿಜ್’. ಜಗತ್ತಿಗೆ ಗೊತ್ತಿರೋದು ಆ ಹೆಸರಿನಿಂದ.

ಇದೆಲ್ಲ ಆರಾಮಾಗಿ ಲೈಬ್ರರಿಯಲ್ಲಿ ಕೂತು ಬರೆದದ್ದಲ್ಲ. 1948ರಲ್ಲಿ ಗೆಳೆಯ ರಾಫೆಲ್ ಶಪಿರೊ ಜೊತೆ ಸೇರಿ ಸ್ಟಾಲಿನ್‌ಗೇ ಒಂದು ಪತ್ರ ಬರೆದರು. ದೇಶದಲ್ಲಿ ಸಂಶೋಧನೆಯ ಸ್ಥಿತಿ ಕೆಟ್ಟಿದೆ, ಅದಕ್ಕೊಂದು ವಿಧಾನ ಇದೆ ಅಂತ. ಎರಡು ವರ್ಷದ ಮೇಲೆ ಉತ್ತರ ಬಂತು, ಪೊಲೀಸರ ರೂಪದಲ್ಲಿ. 25 ವರ್ಷ ಶಿಕ್ಷೆ. ಆರ್ಕ್ಟಿಕ್ ವೃತ್ತದಾಚೆಯ ವೊರ್ಕುಟಾ ಲೇಬರ್ ಕ್ಯಾಂಪು.

ವಿಚಾರಣೆಯ ದಿನಗಳದ್ದೊಂದು ಕತೆಯನ್ನು ಟ್ರಿಜ್ ಕಲಿಸುವವರು ತಪ್ಪದೆ ಹೇಳುತ್ತಾರೆ. ರಾತ್ರಿಯಿಡೀ ಪ್ರಶ್ನೆ, ಹಗಲು ಸೆಲ್ಲಿನಲ್ಲಿ ನಿದ್ದೆ ಮಾಡುವಂತಿಲ್ಲ, ಕಣ್ಣು ಮುಚ್ಚಿದರೆ ಕಾವಲುಗಾರ ಬಂದು ಎಬ್ಬಿಸುತ್ತಾನೆ. ಆಲ್ಟ್‌ಶುಲ್ಲರ್ ಸಮಸ್ಯೆಯನ್ನು ತನ್ನದೇ ಭಾಷೆಯಲ್ಲಿ ಇಟ್ಟುಕೊಂಡರು: ಕಣ್ಣು ಮುಚ್ಚಿರಬೇಕು, ಕಣ್ಣು ತೆರೆದೂ ಇರಬೇಕು. ಸಿಗರೇಟ್ ಪ್ಯಾಕಿನ ಕಾಗದ ಹರಿದು, ಸುಟ್ಟ ಬೆಂಕಿಕಡ್ಡಿಯಿಂದ ಅದರ ಮೇಲೆ ಎರಡು ಕಣ್ಣು ಬರೆದು, ರೆಪ್ಪೆಯ ಮೇಲೆ ಅಂಟಿಸಿಕೊಂಡು ಗೋಡೆಗೆ ಒರಗಿ ಕೂತರು. ಕಂಡಿಯಿಂದ ನೋಡಿದವನಿಗೆ ಕೈದಿ ಎಚ್ಚರವಾಗಿದ್ದಾನೆ! ಮುಚ್ಚಿದ್ದು ಒಳಗಿನ ಕಣ್ಣು, ತೆರೆದದ್ದು ಹೊರಗಿನದು.

ಸ್ಟಾಲಿನ್ ಸತ್ತ ಮೇಲೆ 1954ರಲ್ಲಿ ಬಿಡುಗಡೆ. 1956ರಲ್ಲಿ, ಅಂದರೆ ತೋಶಿಬಾ ಕುಕ್ಕರು ಬಂದ ಮರುವರ್ಷ, ಅವರದೂ ಶಪಿರೊ ಅವರದೂ ಮೊದಲ ಲೇಖನ ರಷ್ಯದ ಮನಃಶಾಸ್ತ್ರ ಪತ್ರಿಕೆಯೊಂದರಲ್ಲಿ ಬಂತು. ಮಿನಾಮಿಗೆ ಇವರು ಗೊತ್ತಿಲ್ಲ, ಇವರಿಗೆ ಮಿನಾಮಿ ಗೊತ್ತಿಲ್ಲ. ಆಲ್ಟ್‌ಶುಲ್ಲರ್ ಆಮೇಲೆ ಬೇರೆ ಹೆಸರಿನಲ್ಲಿ ವೈಜ್ಞಾನಿಕ ಕತೆಗಳನ್ನೂ ಬರೆದರು. ನನಗೆ ಅದಕ್ಕಿಂತ ಇಷ್ಟವಾಗೋದು, ಮಕ್ಕಳ ಪತ್ರಿಕೆಯೊಂದರಲ್ಲಿ ವರ್ಷಗಟ್ಟಲೆ ಒಗಟಿನಂಥ ಸಮಸ್ಯೆಗಳನ್ನು ಕೊಟ್ಟು, ಮಕ್ಕಳು ಬರೆದು ಕಳಿಸಿದ ಉತ್ತರಗಳನ್ನು ಓದಿದ್ದು. ಆ ಸಮಸ್ಯೆಗಳಿಂದ ಒಂದು ಪುಸ್ತಕವೂ ಆಯಿತು. ಅದರ ಇಂಗ್ಲಿಷ್ ಅನುವಾದ ನನಗೆ ಕಾಲೇಜಿನಲ್ಲಿದ್ದಾಗ ಸಿಕ್ಕಿತ್ತು. ನಾಲ್ಕು ವರ್ಷದ ಬಿ.ಇ.ಯಲ್ಲಿ ಪರೀಕ್ಷೆಗಲ್ಲದೆ ಓದಿದ ಇಂಜಿನಿಯರಿಂಗ್ ಪುಸ್ತಕ ಬಹುಶಃ ಅದೊಂದೇ.

ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ

ವಿಧಾನ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಆ ವಲಯದ ಹಳೇ ಉದಾಹರಣೆ ಒಂದು. ಕಾರ್ಖಾನೆಯಲ್ಲಿ ಉಕ್ಕಿನ ಸಣ್ಣ ಗುಂಡುಗಳನ್ನು ಗಾಳಿಯ ರಭಸದಿಂದ ಪೈಪಿನಲ್ಲಿ ಹಾಯಿಸುತ್ತಾರೆ. ಪೈಪು ತಿರುಗುವ ಮೂಲೆಯಲ್ಲಿ ಗುಂಡುಗಳು ಬಡಿದೂ ಬಡಿದೂ ತೂತು ಬೀಳುತ್ತೆ. ದಪ್ಪ ಮಾಡಿದರೆ ಖರ್ಚು, ವೇಗ ತಗ್ಗಿಸಿದರೆ ಕೆಲಸ ನಿಧಾನ. ಒಳಗೆ ಏನಾದರೂ ಪದರ ಹಚ್ಚಿದರೆ ಅದೂ ಸವೆಯುತ್ತೆ.

ಟ್ರಿಜ್ ಇಲ್ಲಿ ಒಂದು ವಿಚಿತ್ರ ವಾಕ್ಯ ಬರೆಸುತ್ತೆ. ಅದಕ್ಕೆ ‘ಆದರ್ಶ ಅಂತಿಮ ಫಲ’ ಅಂತ ಹೆಸರು: ಹೊಸದೇನೂ ಸೇರಿಸದೆ, ಪೈಪು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತೆ. ಓದಿದರೆ ನಗು ಬರುತ್ತೆ. ಆಮೇಲೆ ಕೇಳಬೇಕಾದ ಪ್ರಶ್ನೆ, ‘ಅಲ್ಲಿ ಈಗಾಗಲೇ ಏನೇನಿದೆ?’ ಪೈಪಿದೆ, ಗಾಳಿ ಇದೆ, ಗುಂಡುಗಳಿವೆ. ಗುಂಡುಗಳು ಉಕ್ಕಿನವು. ಮೂಲೆಯ ಹೊರಗಡೆ ಒಂದು ಅಯಸ್ಕಾಂತ ಇಟ್ಟರೆ? ಹೋಗುವ ಗುಂಡುಗಳಲ್ಲೇ ಒಂದಷ್ಟು ಮೂಲೆಗೆ ಅಂಟಿಕೊಂಡು ಪದರವಾಗುತ್ತವೆ. ಬಡಿತ ಬೀಳೋದು ಆ ಪದರಕ್ಕೆ. ಒಂದು ಗುಂಡು ಕಿತ್ತುಹೋದರೆ ಆ ಜಾಗಕ್ಕೆ ಇನ್ನೊಂದು ಬಂದು ಕೂರುತ್ತೆ. ಪೈಪನ್ನು ತಿನ್ನುತ್ತಿದ್ದದ್ದೇ ಪೈಪಿನ ಕಾವಲಾಯಿತು.

ಇದು ಮೂರು ಹೆಜ್ಜೆ. ಜಗಳವನ್ನು ಒಂದೇ ವಾಕ್ಯದಲ್ಲಿ ನಿಷ್ಠುರವಾಗಿ ಬರಿ. ಏನೂ ಖರ್ಚಿಲ್ಲದೆ ತಾನೇ ಬಗೆಹರಿದರೆ ಹೇಗಿರುತ್ತೆ ಅಂತ ಬರಿ. ಆಮೇಲೆ ಕೈಗೆ ಸಿಗುವ ಸಾಮಾನಿನ ಪಟ್ಟಿ ಮಾಡು. 40 ಸೂತ್ರಗಳು, 39 ಗುಣಗಳ ದೊಡ್ಡ ಕೋಷ್ಟಕ, ಇವೆಲ್ಲ ಬರೋದು ಅದರ ನಂತರ. ಕಾರ್ಪೊರೇಟ್ ಟ್ರೇನಿಂಗುಗಳಲ್ಲಿ ತಿರುಗುಮುರುಗು ಮಾಡಿ ಕೋಷ್ಟಕವನ್ನೇ ಮೊದಲು ತೋರಿಸಿ ಜನರ ಉತ್ಸಾಹ ಇಳಿಸಿಬಿಡ್ತಾರೆ.

ನಿಷ್ಠುರವಾಗಿ ಅಂದೆನಲ್ಲ, ಅದು ಮುಖ್ಯ. ‘ಆ್ಯಪ್ ಸ್ಲೋ ಆಗಿದೆ’ ಅನ್ನೋದು ದೂರು, ಅದು ಜಗಳ ಅಲ್ಲ. ‘ಇದು ಇರಲೂಬೇಕು, ಇರಲೂಬಾರದು’ ಅನ್ನುವ ಮಟ್ಟಕ್ಕೆ ತರಬೇಕು. ನಮ್ಮ ಹಿರಿಯರು ‘ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ’ ಅಂತ ಆಡಿಕೊಂಡು ನಕ್ಕದ್ದನ್ನು ಆಲ್ಟ್‌ಶುಲ್ಲರ್ ಕರಿಹಲಗೆ ಮೇಲೆ ಬರೆದು, ‘ಸರಿ, ಈಗ ಇದನ್ನು ಬಿಡಿಸಿ’ ಅಂದಿರೋರು. ಬಿಡಿಸೋಕೆ ಅವರು ಕೊಡುವ ಮುಖ್ಯ ಕೀಲಿ, ಬೇರ್ಪಡಿಸುವುದು. ಎರಡೂ ಒಂದೇ ಹೊತ್ತಿನಲ್ಲಿ ಬೇಕಾ? ಒಂದೇ ಜಾಗದಲ್ಲಿ ಬೇಕಾ? ಒಂದೇ ಸಂದರ್ಭದಲ್ಲಿ ಬೇಕಾ? ಇಡೀ ವಸ್ತುವಿಗೆ ಬೇಕಾ, ಅದರ ಭಾಗಕ್ಕಾ? ಕೊಡೆ ದೊಡ್ಡದಿರಬೇಕು, ಚಿಕ್ಕದೂ ಇರಬೇಕು. ಆದರೆ ದೊಡ್ಡದು ಬೇಕಾದದ್ದು ಮಳೆ ಬಂದಾಗ ಮಾತ್ರ.

ನಿಮ್ಮ ಫೋನಿನಲ್ಲೇ ಇನ್ನೊಂದಿದೆ. ದುಡ್ಡು ಕಳಿಸುವಾಗ ಪಿನ್ ಇರಬೇಕು, ಇಲ್ಲದಿದ್ದರೆ ಸುರಕ್ಷಿತ ಅಲ್ಲ. ಪಿನ್ ಇರಬಾರದು, ಯಾಕಂದ್ರೆ ಹತ್ತು ರೂಪಾಯಿ ಟೀಗೆ ಪ್ರತಿಸಲ ಬ್ಯಾಂಕಿನ ಸರ್ವರ್ ತಟ್ಟಿ ಬರೋದು ಜಾಸ್ತಿಯಾಯಿತು. 2022ರ ಸೆಪ್ಟೆಂಬರಿನಲ್ಲಿ ಬಂದ ಯುಪಿಐ ಲೈಟ್ ಇದನ್ನು ಬೇರ್ಪಡಿಸಿದ್ದು ಸಂದರ್ಭದಿಂದ. ಚಿಲ್ಲರೆ ದುಡ್ಡನ್ನು ಮೊದಲೇ ಪಕ್ಕಕ್ಕೆ ತೆಗೆದಿಟ್ಟುಕೊಳ್ಳಿ. ಆಗ 200 ರೂಪಾಯಿಯೊಳಗಿನ ಪಾವತಿಗೆ ಪಿನ್ ಬೇಡ ಅಂತಿತ್ತು, ಆಮೇಲೆ ಮಿತಿ ಏರಿತು. ಇದನ್ನು ಮಾಡಿದವರು ಟ್ರಿಜ್ ಓದಿದ್ದರು ಅಂತ ನಾನು ಹೇಳುತ್ತಿಲ್ಲ. ದರ್ಶಿನಿಯ ಕೌಂಟರಿನಲ್ಲಿ ದುಡ್ಡು ಬಂತೆಂದು ಕೂಗಿ ಹೇಳುವ ಸೌಂಡ್‌ಬಾಕ್ಸ್ ಮಾಡಿದವರೂ ಓದಿರಬೇಕಿಲ್ಲ. ಕೈಯಲ್ಲಿ ಸೌಟು ಹಿಡಿದವನು ಫೋನಿನ ಪರದೆ ನೋಡಲೂಬೇಕು, ನೋಡಲೂಬಾರದು. ಸರಿ ಹಾಗಾದರೆ ಕಣ್ಣಿನ ಕೆಲಸ ಕಿವಿಗೆ ಕೊಡೋಣ. ನಮ್ಮ ಈಳಿಗೆಮಣೆ ಮಾಡಿದ ಪುಣ್ಯಾತ್ಮರಂತೂ 40 ಸೂತ್ರಗಳಲ್ಲಿ 13ನೆಯದಾದ ‘ತಿರುಗಾಮುರುಗಾ ಮಾಡು’ ಅನ್ನೋದನ್ನು ನೂರಾರು ವರ್ಷ ಮೊದಲೇ ಮುಗಿಸಿದ್ದರು. ಕತ್ತಿ ನಿಂತಿರುತ್ತೆ, ತರಕಾರಿ ಓಡಾಡುತ್ತೆ, ಎರಡೂ ಕೈ ಖಾಲಿ.

ಹಾಗಾದರೆ ಓದಿ ಏನು ಪ್ರಯೋಜನ? ಒಂದೇ. ಹೊಳೆಯುವವರೆಗೆ ಕಾಯಬೇಕಾಗಿಲ್ಲ. ‘ಹತ್ತು ಜನ ಕೂತು ಬಾಯಿಗೆ ಬಂದ ಐಡಿಯಾ ಹೇಳಿ, ಯಾರೂ ಟೀಕಿಸಬೇಡಿ’ ಅನ್ನುವ ಬ್ರೇನ್‌ಸ್ಟಾರ್ಮಿಂಗನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬಾರ್ನ್. ಜಾಹೀರಾತಿಗೆ ಸರಿಯೇ ಇರಬಹುದು. ಈಗ ಎ.ಐ. ಚಾಟ್‌ಬಾಟ್ ಕೇಳಿದರೆ ಒಂದು ನಿಮಿಷದಲ್ಲಿ ಐವತ್ತು ಐಡಿಯಾ ಉದುರಿಸುತ್ತೆ. ನಮಗೆ ಐಡಿಯಾಗಳ ಬರ ಯಾವತ್ತೂ ಇರಲಿಲ್ಲ. ಬರ ಇರೋದು ಜಗಳ ಯಾವುದು ಅಂತ ಸರಿಯಾಗಿ ಹೇಳುವ ಒಂದು ವಾಕ್ಯಕ್ಕೆ.

ಹಾಲು ಹೋಗುತ್ತಲ್ಲ

ನಾನು ಕೆಲಸ ಮಾಡುವ ಪುಟ್ಟ ಕಂಪನಿ ಹಾಲು ಸಂಗ್ರಹಣೆಗೆ ಸಾಫ್ಟ್‌ವೇರ್ ಮಾಡುತ್ತೆ. ಗ್ರಾಹಕರು ಒಂದು ಖಾಸಗಿ ಡೈರಿ. ಹಳ್ಳಿಯ ಸಂಗ್ರಹ ಕೇಂದ್ರದಲ್ಲಿ ಬೆಳಿಗ್ಗೆ, ಸಂಜೆ ರೈತರು ಹಾಲು ತರುತ್ತಾರೆ. ತೂಕ, ಫ್ಯಾಟು, ಎಸ್‌ಎನ್‌ಎಫ್ಫು ನೋಡಿ ಟ್ಯಾಬಿನಲ್ಲಿ ದಾಖಲಾಗುತ್ತೆ, ಒಂದು ಚೀಟಿ ಪ್ರಿಂಟ್ ಆಗಿ ಬರುತ್ತೆ. ಹತ್ತು ದಿನಕ್ಕೊಮ್ಮೆ ಬಟವಾಡೆ.

ಮಲೆನಾಡಿನ ಅಂಚಿನ ಒಂದಷ್ಟು ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಲೆಕ್ಕ ಟ್ಯಾಬಿನಲ್ಲೇ ಮೂರು ದಿನ, ನಾಲ್ಕು ದಿನ ಕೂತಿರುತ್ತೆ. ಅಷ್ಟರಲ್ಲಿ ಬಟವಾಡೆ ದಿನ ಬಂದರೆ, ಕಚೇರಿಯವರು ಆ ದಿನಗಳಿಗೆ ಇಡೀ ಹಳ್ಳಿಯ ಹಾಲಿನ ಸರಾಸರಿ ಫ್ಯಾಟು ಹಿಡಿದು ಎಲ್ಲರಿಗೂ ಒಂದೇ ದರ ಹಾಕುತ್ತಿದ್ದರು. ಚೀಟಿಯಲ್ಲಿ 4.6 ಫ್ಯಾಟು ಇದ್ದವರಿಗೂ 3.5 ಇದ್ದವರಿಗೂ ಒಂದೇ ರೇಟು! ಎರಡು ಹಸುವಿಗೆ ಹಿಂಡಿ, ಬೂಸಾ ಸರಿಯಾಗಿ ಹಾಕಿ ಸಾಕಿದ ಹೆಣ್ಣುಮಗಳಿಗೆ ಅದರ ದುಡ್ಡು ಇಲ್ಲ. ಚೀಟಿ ಒಂದು ಹೇಳುತ್ತೆ, ಬಟವಾಡೆ ಇನ್ನೊಂದು ಹೇಳುತ್ತೆ, ಬೈಗುಳ ಮಾತ್ರ ಕೇಂದ್ರ ನಡೆಸುವ ಕಾರ್ಯದರ್ಶಿಗೆ.

ಈ ಕೆಲಸ ನಮ್ಮ ಟೀಮಿಗೆ ಬಂದಾಗ ನಾನು ಬಸ್ ಹಿಡಿದು ಒಂದು ಹಳ್ಳಿಗೆ ಹೋದೆ. ಕಾರ್ಯದರ್ಶಿ ಐವತ್ತು ದಾಟಿದವರು. ಕಾಫಿ ಕೊಟ್ಟು ಕೂರಿಸಿ, ಸಿಟ್ಟಿಲ್ಲದೆ ಹೇಳಿದರು: “ನೋಡಿ ಸಾರ್, ಮೊದ್ಲು ನಾನು ನೋಟ್‌ಬುಕ್ಕಲ್ಲಿ ಬರೀತಿದ್ದೆ. ಜನಕ್ಕೆ ನನ್ನ ಮೇಲೆ ನಂಬಿಕೆ ಇತ್ತು. ನಿಮ್ಮ ಮಿಷನ್ ಬಂದ ಮೇಲೆ ನಾನು ಕಳ್ಳ ಆದೆ.”

ಆಫೀಸಿನಲ್ಲಿ ಪರಿಹಾರಗಳಿಗೇನೂ ಕೊರತೆ ಇರಲಿಲ್ಲ. ಎತ್ತರದ ಆಂಟೆನಾ ಹಾಕಿಸೋದು. ಅಷ್ಟು ಹಳ್ಳಿಗೆ ಖರ್ಚು ಹುಟ್ಟೋದಿಲ್ಲ. ಎಸ್ಸೆಮ್ಮೆಸ್ ಕಳಿಸೋದು; ಸಿಗ್ನಲ್ಲೇ ಇಲ್ಲದ ಕಡೆ ಎಸ್ಸೆಮ್ಮೆಸ್ ಎಲ್ಲಿಂದ. ಕಾರ್ಯದರ್ಶಿ ದಿನಾ ಗುಡ್ಡ ಹತ್ತಿ ಸಿಂಕ್ ಮಾಡೋದು. ಇದನ್ನು ಹೇಳಿದವನಿಗೆ ಆ ಗುಡ್ಡ, ಆ ಮಳೆ, ಆ ಜಿಗಣೆ ಗೊತ್ತಿರಲಿಲ್ಲ. ಕೊನೆಗೆ ಎಲ್ಲರೂ ಬಂದು ನಿಂತದ್ದು ಅದೇ ಸ್ಲೈಡಿಗೆ: ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ ತಡವಾಗುತ್ತೆ, ಒಪ್ಪಿಕೊಳ್ಳೋಣ. ಆ ಹಳ್ಳಿಗಳನ್ನು ಆ್ಯಪಿನಿಂದಲೇ ಕೈಬಿಡೋಣ ಅನ್ನುವ ಮಾತೂ ಬಂತು.

ವೈಟ್‌ಬೋರ್ಡಿನಲ್ಲಿ ನಾನು ಎರಡು ಸಾಲು ಬರೆದೆ. ‘ಲೆಕ್ಕ ಅವತ್ತೇ ಹೋಗಬೇಕು. ಹೋಗೋಕೆ ದಾರಿ ಇರಬಾರದು.’ ಕೆಳಗೆ, ಆದರ್ಶ ಫಲ: ‘ನೆಟ್‌ವರ್ಕ್ ಇಲ್ಲದೆ, ಹೊಸ ಯಂತ್ರ ಇಲ್ಲದೆ, ಯಾರಿಗೂ ಹೆಚ್ಚಿನ ಕೆಲಸ ಇಲ್ಲದೆ, ಲೆಕ್ಕ ತಾನಾಗೇ ಶೀತಲೀಕರಣ ಕೇಂದ್ರಕ್ಕೆ ಹೋಗಿ ಸೇರುತ್ತೆ.’ ಒಬ್ಬ ನಕ್ಕ. ಪರವಾಗಿಲ್ಲ, ನಗಬೇಕಾದ ಸಾಲೇ ಅದು. ಆಮೇಲೆ ಪಟ್ಟಿ: ಟ್ಯಾಬು, ತೂಕದ ಯಂತ್ರ, ಚೀಟಿ ಪ್ರಿಂಟರು, ಕ್ಯಾನುಗಳು, ಗಾಡಿ, ಡ್ರೈವರು.

ಟೆಸ್ಟಿಂಗ್‌ನಲ್ಲಿರುವ ಹುಡುಗಿಯೊಬ್ಬಳು, ಮಂಡ್ಯದ ಕಡೆಯವಳು, ಮನೆಯಲ್ಲಿ ಹಸು ಕಟ್ಟಿದವರು, ಪಟ್ಟಿ ನೋಡುತ್ತಾ ಹೇಳಿದಳು: “ಹಾಲು ದಿನಾ ಹೋಗುತ್ತಲ್ಲ ಸಾರ್. ನೆಟ್‌ವರ್ಕ್ ಇರ್ಲಿ ಬಿಡ್ಲಿ, ಹಾಲು ಹೋಗ್ಲೇಬೇಕು. ಅದ್ರ ಜೊತೆ ಲೆಕ್ಕ ಹೋಗೋಕೇನು?”

ಅಷ್ಟೇ. ದಾರಿ ಮೊದಲಿಂದಲೂ ಇತ್ತು, ಅದು ತಂತಿಯದ್ದಲ್ಲ, ಟಾರಿನದ್ದು.

ಉಳಿದದ್ದು ಲೆಕ್ಕಾಚಾರ. ಒಬ್ಬರ ಕೋಡ್ ನಂಬರು, ಲೀಟರು, ಫ್ಯಾಟು, ಎಸ್‌ಎನ್‌ಎಫ್ಫು ಒತ್ತಿ ಕಟ್ಟಿದರೆ 8 ಬೈಟು. ಒಂದು ಹೊತ್ತಿಗೆ 45 ಜನ ಹಾಲು ಹಾಕಿದರೆ 360. ನಡುವೆ ಯಾರಾದರೂ ತಿದ್ದಿದರೆ ಗೊತ್ತಾಗುವಂತೆ ಡಿಜಿಟಲ್ ಸಹಿಗೆ 64. ಒಟ್ಟು 424 ಬೈಟು. ಒಂದು ಕ್ಯೂಆರ್ ಕೋಡಿನಲ್ಲಿ ಹೆಚ್ಚೆಂದರೆ 2,953 ಬೈಟು ಹಿಡಿಯುತ್ತೆ, ಅಂದರೆ ಜಾಗ ಧಾರಾಳ. ಹಾಲು ಹಾಕಿಸಿಕೊಳ್ಳೋದು ಮುಗಿದ ಮೇಲೆ ಅದೇ ಪ್ರಿಂಟರಿನಲ್ಲಿ ಒಂದು ಚೀಟಿ ಹೆಚ್ಚಿಗೆ ಬರುತ್ತೆ. ಡ್ರೈವರು ಅದನ್ನು ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ಶೀತಲೀಕರಣ ಕೇಂದ್ರದಲ್ಲಿ ಕ್ಯಾನು ಇಳಿಸುವಾಗ ಸ್ಕ್ಯಾನ್ ಮಾಡಿದರೆ ಇಡೀ ಹಳ್ಳಿಯ ಆ ಹೊತ್ತಿನ ಲೆಕ್ಕ ಸರ್ವರಿಗೆ. ಕ್ಯಾನಿಗೇ ಅಂಟಿಸೋಣ ಅಂತಲೂ ನೋಡಿದೆವು. ಥರ್ಮಲ್ ಕಾಗದ ಒದ್ದೆಯಾಗಿ ಹಾಳಾಯಿತು. ಕಿಸೆಯೇ ಸರಿ, ಒಂದು ಪ್ಲಾಸ್ಟಿಕ್ ಕವರಿನ ಜೊತೆ. ಚೀಟಿ ಕಳೆದುಹೋದರೆ? ಮರುದಿನದ ಚೀಟಿಯಲ್ಲಿ ಹಿಂದಿನ ದಿನದ್ದೂ ಇರುತ್ತೆ. ಜಾಗ ಧಾರಾಳ ಅಂದೆನಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಹಳ್ಳಿಗಳಲ್ಲಿ ಸರಾಸರಿ ದರ ಹಾಕೋದು ನಿಂತಿತು. ಅವರವರ ಹಾಲಿಗೆ ಅವರವರ ದುಡ್ಡು.

ಕೋಷ್ಟಕ ಹೇಳದ್ದು

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆ 39 ಗುಣಗಳ ಕೋಷ್ಟಕದಲ್ಲಿ ಭಾರ, ಉದ್ದ, ಉಷ್ಣತೆ, ಒತ್ತಡ ಇವೆ. ನೆಟ್‌ವರ್ಕ್, ನಂಬಿಕೆ, ಕಾರ್ಯದರ್ಶಿಯ ಮಾನ ಇಲ್ಲ. ಅದನ್ನು ಕಟ್ಟಿದ್ದು ಕಬ್ಬಿಣ, ಯಂತ್ರಗಳ ಪೇಟೆಂಟುಗಳಿಂದ. ಸಾಫ್ಟ್‌ವೇರಿಗೆ ಅದನ್ನು ಎಳೆದು ಬಗ್ಗಿಸುವ ಪ್ರಯತ್ನಗಳು ನಡೆದಿವೆ, ನನಗಂತೂ ಅದರಿಂದ ಹೆಚ್ಚು ಸಿಕ್ಕಿಲ್ಲ. ಸ್ಯಾಮ್‌ಸಂಗ್‌ನಂಥ ಕಂಪನಿ ರಷ್ಯದ ತಜ್ಞರನ್ನು ಕರೆಸಿ ತನ್ನ ಇಂಜಿನಿಯರುಗಳಿಗೆ ಟ್ರಿಜ್ ಕಲಿಸಿತು ಅನ್ನೋದನ್ನು ಸರ್ಟಿಫಿಕೇಟ್ ಕೋರ್ಸ್ ಮಾರುವವರು ದೊಡ್ಡದಾಗಿ ಹೇಳುತ್ತಾರೆ. ಅಲ್ಲಿ ಕೆಲಸಕ್ಕೆ ಬಂದದ್ದು ವಸ್ತು, ಯಂತ್ರ, ತಯಾರಿಕೆಗೆ ಅನ್ನೋದನ್ನು ಸಣ್ಣದಾಗಿ ಕೂಡ ಹೇಳಲ್ಲ.

ಇನ್ನೂ ದೊಡ್ಡ ಮಿತಿ ಒಂದಿದೆ. ಯಾವ ಸಮಸ್ಯೆ ಬಿಡಿಸಬೇಕು ಅನ್ನೋದನ್ನು ಇದು ಹೇಳಿಕೊಡಲ್ಲ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಒಂದು ಪ್ರಾಜೆಕ್ಟ್ ಬಂತು: ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಅಗ್ಗದ ಇನ್‌ಕ್ಯುಬೇಟರ್ ಮಾಡಿ. ಅವರಲ್ಲೊಬ್ಬರು ನೇಪಾಳಕ್ಕೆ ಹೋಗಿ ನೋಡಿದರೆ, ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಖಾಲಿ ಬಿದ್ದಿದ್ದವು. ಮಕ್ಕಳು ಹುಟ್ಟುತ್ತಿದ್ದದ್ದು, ತಣ್ಣಗಾಗಿ ಸಾಯುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಅಗ್ಗದ ಇನ್‌ಕ್ಯುಬೇಟರಿನ ಸಮಸ್ಯೆಯೇ ಅಲ್ಲ ಅದು! ಕರೆಂಟಿಲ್ಲದ ಮನೆಯಲ್ಲಿ ಮಗು ಬೆಚ್ಚಗಿರಬೇಕು, ಆದರೆ ಬಿಸಿ ಮಿತಿ ಮೀರಬಾರದು, ಅಷ್ಟೇ. ಅದಕ್ಕೆ ಅವರು ಹೊಲಿದದ್ದು ಪುಟ್ಟ ಸ್ಲೀಪಿಂಗ್ ಬ್ಯಾಗಿನಂಥದ್ದು. ಒಳಗೆ 37 ಡಿಗ್ರಿಯಲ್ಲಿ ಕರಗುವ ಮೇಣದಂಥ ವಸ್ತುವಿನ ಚೀಲ. ಒಮ್ಮೆ ಕಾಯಿಸಿ ಕರಗಿಸಿದರೆ, ಮತ್ತೆ ಗಟ್ಟಿಯಾಗುವ ಕೆಲವು ಗಂಟೆಗಳ ಕಾಲ ಅದು 37ರ ಆಸುಪಾಸಿನಲ್ಲೇ ನಿಂತು ಶಾಖ ಬಿಡುತ್ತೆ. ಥರ್ಮೋಸ್ಟಾಟ್ ಬೇಡ, ಮೇಣವೇ ಥರ್ಮೋಸ್ಟಾಟ್. ಎಂಬ್ರೇಸ್ ಅಂತ ಅದರ ಹೆಸರು. ಆ ತಂಡ ಆಮೇಲೆ ನಮ್ಮ ಬೆಂಗಳೂರಿಗೇ ಬಂದು ನೆಲೆಸಿ ಅದನ್ನು ಉತ್ಪಾದನೆಯ ಹಂತಕ್ಕೆ ತಂದಿತು. ವಸ್ತು ಕರಗುವಾಗ, ಗಟ್ಟಿಯಾಗುವಾಗಿನ ಗುಣವನ್ನು ಬಳಸಿಕೋ ಅನ್ನುವುದು 40 ಸೂತ್ರಗಳಲ್ಲಿ 36ನೆಯದು, ಪುಸ್ತಕದಲ್ಲೇ ಸಿಗುತ್ತಿತ್ತು. ಆದರೆ ನೇಪಾಳಕ್ಕೆ ಟಿಕೆಟ್ ತೆಗಿ ಅಂತ ಯಾವ ಸೂತ್ರವೂ ಹೇಳುತ್ತಿರಲಿಲ್ಲ. ನಮ್ಮ ಪಟ್ಟಿಯಲ್ಲಿ ‘ಗಾಡಿ, ಡ್ರೈವರು’ ಅಂತ ಬರೆಯೋಕೆ ಆದದ್ದೂ ಯಾರೋ ಬೆಳಗಿನ ಜಾವ ಆರಕ್ಕೆ ಆ ಕೇಂದ್ರದ ಮುಂದೆ ನಿಂತು ನೋಡಿದ್ದರಿಂದ.

ನಮ್ಮ ಬೋರ್ಡಿನ ಮೇಲೆ ಈಗ ಹೊಸ ಸಾಲುಗಳಿವೆ. ಅದೇ ಕಾರ್ಯದರ್ಶಿ ಕೇಳಿದ್ದು. ಹಾಲು ಹಾಕೋರಲ್ಲಿ ವಯಸ್ಸಾದವರಿಗೆ ಚೀಟಿ ಓದೋಕೆ ಬರಲ್ಲ, ಮಿಷನ್ನು ಫ್ಯಾಟು, ದುಡ್ಡು ಎಷ್ಟಾಯ್ತು ಅಂತ ಬಾಯಲ್ಲಿ ಹೇಳಿದರೆ ಒಳ್ಳೇದು ಅಂದರು. ಸೌಂಡ್‌ಬಾಕ್ಸ್ ಥರ ಸುಲಭ ಅಂದುಕೊಂಡೆವು. ಮರುವಾರ ಅವರೇ ಫೋನ್ ಮಾಡಿ ಬೇಡ ಅಂದರು: “ಸಾಲಲ್ಲಿ ನಿಂತಿರೋ ಎಲ್ರಿಗೂ ಕೇಳುತ್ತೆ ಸಾರ್. ಯಾರ ಮನೆಗೆ ಎಷ್ಟು ದುಡ್ಡು ಬರುತ್ತೆ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಕೆಲವು ಹೆಂಗಸ್ರು ಗಂಡಂಗೂ ಪೂರ್ತಿ ಹೇಳಿರಲ್ಲ.”

‘ಕೇಳಿಸಬೇಕು. ಕೇಳಿಸಬಾರದು.’ ಕೆಳಗಿನ ಪಟ್ಟಿಯಲ್ಲಿ ಇಲ್ಲಿಯವರೆಗೆ ಟ್ಯಾಬು, ಪ್ರಿಂಟರು, ಸಾಲು, ಪಾತ್ರೆ, ಅವರು ಕೈಯಲ್ಲಿ ಹಿಡಿದು ಬರುವ ಹಾಲಿನ ಕ್ಯಾನಿನ ಮುಚ್ಚಳ ಅಂತ ಬರೆದಿದೆ. ನಿಮಗೇನಾದರೂ ಹೊಳೆದರೆ ಕೆಳಗೆ ಬರೆಯಿರಿ, ಆ ಮಂಡ್ಯದ ಹುಡುಗಿ ಓದುತ್ತಾಳೆ.